ರೋಗಿಯ ಮಂಚದ ಬಳಿಯ ಗುರು

‘ಶುಶ್ರೂಷೆ’ ಎಂಬುದು ರೋಗಿಯ ಆರೈಕೆ ಎಂಬ ಅರ್ಥದಲ್ಲಿ ಕನ್ನಡದಲ್ಲಿ ರೂಢವಾಗಿರುವ ಶಬ್ದ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇದು ‘ಶ್ರು’ ಧಾತುವಿನ ಸನ್ನಂತ ರೂಪದಿಂದ ಹುಟ್ಟಿದ್ದು. ಇದರ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಗುರುವಿನ ಮಾತನ್ನು ಕೇಳಬೇಕೆಂಬ ಆಸೆಯಿಂದ ಶಿಷ್ಯನು ಅವನ ಬಳಿ ನಿಂತನು. ನಿಂತವನು ಸೇವೆ ಮಾಡಿದನು. ಹೀಗೆ ಕೇಳುವಿಕೆಯಿಂದ ಸೇವೆಗೆ, ಸೇವೆಯಿಂದ ರೋಗಿಯ ಉಪಚಾರಕ್ಕೆ ಈ ಶಬ್ದದ ಅರ್ಥವು ಹರಿದುಬಂದಿದೆ. ಆಸ್ಪತ್ರೆಯ ವಾರ್ಡಿನಲ್ಲಿ ಬಿಳಿಯ ಉಡುಪು ಧರಿಸಿ ನಿಂತಿರುವ ತರುಣಿಯ ವಿದ್ಯೆಗೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. ರೋಗಿಯ ನರಳುವಿಕೆಯನ್ನು ಕೇಳಬಲ್ಲವಳೇ ಶುಶ್ರೂಷಕಿ. ಆದರೆ ಆ ತರುಣಿಯ ಮಾತನ್ನು ಕೇಳುವವರು ಯಾರು? ಶುಶ್ರೂಷಾ ಶಿಕ್ಷಣದಲ್ಲಿ ಮಾರ್ಗದರ್ಶಿಗಳ ಆಯ್ಕೆ ಮತ್ತು ನಿರ್ವಹಣೆ ಎಂಬ ವಿಷಯವೆಲ್ಲವೂ ಈ ಒಂದು ಪ್ರಶ್ನೆಯೊಳಗೆ ಅಡಗಿದೆ.

ಆಯುರ್ವೇದವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ ಮತ್ತು ರೋಗಿ. ಚರಕಸಂಹಿತೆಯ ಸೂತ್ರಸ್ಥಾನವು ಪರಿಚಾರಕನಲ್ಲಿರಬೇಕಾದ ಗುಣಗಳನ್ನೂ ನಾಲ್ಕೆಂದೇ ಎಣಿಸುತ್ತದೆ. ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಇವೇ ಆ ನಾಲ್ಕು. ಇವುಗಳಲ್ಲಿ ಮೊದಲನೆಯದನ್ನು ಒಂದು ಮಟ್ಟಿಗೆ ಗ್ರಂಥದಿಂದ ಪಡೆಯಬಹುದು. ಉಳಿದ ಮೂರು ಗುಣಗಳು ಅವುಗಳನ್ನು ಉಳ್ಳವರ ಬಳಿ ನಿಂತು, ನೋಡಿ, ಮಾಡಿ, ತಿದ್ದಿಸಿಕೊಂಡು ಬರತಕ್ಕವು. ತರಗತಿಯ ಕಪ್ಪುಹಲಗೆಯ ಮೇಲೆ ನಾಡಿಯ ಗತಿಯನ್ನು ಬರೆಯಬಹುದು. ನಾಡಿಯನ್ನು ಹಿಡಿಯಲು ಒಂದು ಕೈ ಬೇಕು, ಆ ಕೈಯನ್ನು ಸರಿಯಾದ ಸ್ಥಾನದಲ್ಲಿಡಲು ಮತ್ತೊಂದು ಅನುಭವದ ಕೈ ಬೇಕು. ಈ ಎರಡನೆಯ ಕೈಯೇ ಮಾರ್ಗದರ್ಶಿ. ಇಂಗ್ಲಿಷಿನಿಂದ ಬಂದ ‘ಮೆಂಟರ್’, ‘ಪ್ರಿಸೆಪ್ಟರ್’ ಎಂಬ ಹೆಸರುಗಳು ಇಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಮೆಂಟರ್ ಎಂಬುದು ಗ್ರೀಕ್ ಮಹಾಕವಿ ಹೋಮರನ ಕಾವ್ಯದ ಒಂದು ಪಾತ್ರದ ಹೆಸರು. ಯುದ್ಧಕ್ಕೆ ಹೊರಟ ಒಡಿಸ್ಸಿಯಸ್ ತನ್ನ ಮನೆಯನ್ನು ಆ ಹಿರಿಯ ಮಿತ್ರನ ಕೈಗೆ ಒಪ್ಪಿಸಿ ಹೋಗಿದ್ದನು. ತಾಯಿತಂದೆಯರು ದೂರವಿರುವಾಗ ಮಗುವನ್ನು ನೋಡಿಕೊಳ್ಳುವ ಹೊಣೆ ಎಂಬ ಭಾವವು ಹೀಗೆ ಆ ಹೆಸರಿನೊಡನೆಯೇ ಬಂದಿದೆ.

ನೈಟಿಂಗೇಲರ ಪದ್ಧತಿ

ಆಧುನಿಕ ಶುಶ್ರೂಷಾ ಶಿಕ್ಷಣದ ಇತಿಹಾಸವು ಫ್ಲಾರೆನ್ಸ್ ನೈಟಿಂಗೇಲರಿಂದ ಆರಂಭವಾಗುತ್ತದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನಿಧಿಯಿಂದ ಶಿಕ್ಷಣಶಾಲೆಯು ತೆರೆಯಿತು. ಅಲ್ಲಿ ಆಸ್ಪತ್ರೆಯ ಮೇಟ್ರನ್ ಶ್ರೀಮತಿ ವಾರ್ಡ್‌ರೋಪರ್ ಅವರು ಮೇಲ್ವಿಚಾರಕಿಯಾಗಿದ್ದರೆ, ನಿತ್ಯದ ಕಲಿಕೆಯು ವಾರ್ಡಿನ ಸಿಸ್ಟರುಗಳ ಕೈಯಲ್ಲಿತ್ತು. ಪ್ರತಿಯೊಬ್ಬ ವಿದ್ಯಾರ್ಥಿನಿಯ ಕೌಶಲವನ್ನೂ ನಡತೆಯನ್ನೂ ತಿಂಗಳಿಗೊಮ್ಮೆ ಒಂದು ಪತ್ರದಲ್ಲಿ ನಮೂದಿಸುವ ಕ್ರಮವಿತ್ತು. ಶಾಲೆ ಬೇರೆ, ವಾರ್ಡು ಬೇರೆ ಎಂಬ ಭೇದವನ್ನು ಕಡಮೆ ಮಾಡಿ, ವಾರ್ಡನ್ನೇ ಶಾಲೆಯನ್ನಾಗಿಸಿದ್ದು ಆ ಪದ್ಧತಿಯ ಹೆಗ್ಗಳಿಕೆ.

ನಮ್ಮ ದೇಶದಲ್ಲಿ 1947ರ ಕಾಯಿದೆಯ ಮೇರೆಗೆ ಭಾರತೀಯ ಶುಶ್ರೂಷಾ ಪರಿಷತ್ತು ರೂಪುಗೊಂಡು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬಂತಹ ಪ್ರಮಾಣಗಳನ್ನು ವಿಧಿಸಿತು. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಶುಶ್ರೂಷಾ ಪದವಿಯ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ವೃತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಹೀಗೆ ನಿಯಮಗಳಿಗೆ ಕೊರತೆಯಿಲ್ಲ. ಆದರೆ ನಿಯಮವು ಮಾರ್ಗದರ್ಶಿಗಳ ಸಂಖ್ಯೆಯನ್ನು ಹೇಳಬಲ್ಲುದೇ ಹೊರತು ಮಾರ್ಗದರ್ಶಿಯ ಮನಸ್ಸನ್ನು ಹೇಳಲಾರದು.

ಯಾರನ್ನು ಆರಿಸಬೇಕು

ಆಚಾರ್ಯನನ್ನು ಶಿಷ್ಯನು ಪರೀಕ್ಷಿಸಿಯೇ ಸ್ವೀಕರಿಸತಕ್ಕದ್ದು ಎಂದು ವಿಧಿಸಿದ ಶಾಸ್ತ್ರವು ಈ ನಾಡಿನದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಚಾರ್ಯನ ಲಕ್ಷಣಗಳು ವಿಸ್ತಾರವಾಗಿ ಬಂದಿವೆ. ಶಾಸ್ತ್ರವನ್ನು ನಿರ್ಮಲವಾಗಿ ಬಲ್ಲವನು, ಕರ್ಮವನ್ನು ಕಣ್ಣಾರೆ ಕಂಡವನು, ಪಳಗಿದ ಕೈಯುಳ್ಳವನು, ಶುಚಿಯಾದವನು ಎಂಬ ಲಕ್ಷಣಗಳು ಅವನ ವಿದ್ಯೆಗೆ ಸಂಬಂಧಿಸಿದವು. ಅಹಂಕಾರವಿಲ್ಲದವನು, ಅಸೂಯೆಯಿಲ್ಲದವನು, ಕೋಪವಿಲ್ಲದವನು, ಕ್ಲೇಶವನ್ನು ಸಹಿಸಬಲ್ಲವನು, ಶಿಷ್ಯವತ್ಸಲನು ಎಂಬ ಲಕ್ಷಣಗಳು ಅವನ ಸ್ವಭಾವಕ್ಕೆ ಸಂಬಂಧಿಸಿದವು. ಇವೆಲ್ಲದರ ಜೊತೆಗೆ ಅವನು ‘ಜ್ಞಾಪನಸಮರ್ಥ’ನಾಗಿರಬೇಕು, ಎಂದರೆ ತಾನು ಅರಿತದ್ದನ್ನು ಇನ್ನೊಬ್ಬರಿಗೆ ಅರಿಯುವಂತೆ ಮಾಡಬಲ್ಲವನಾಗಿರಬೇಕು. ವಿದ್ಯೆಯ ಲಕ್ಷಣಗಳಿಗೆ ಸಮನಾಗಿ ಸ್ವಭಾವದ ಲಕ್ಷಣಗಳನ್ನೂ ಎಣಿಸಿರುವುದು ಇಲ್ಲಿ ಗಮನಾರ್ಹ. ಇಂದಿನ ಆಸ್ಪತ್ರೆಗಳಲ್ಲಿ ಮಾರ್ಗದರ್ಶಿಯನ್ನು ನೇಮಿಸುವಾಗ ಸಾಮಾನ್ಯವಾಗಿ ಸೇವೆಯ ವರ್ಷಗಳನ್ನು ಎಣಿಸುತ್ತಾರೆ. ಸೇವೆಯ ಹಿರಿತನವು ಅವಶ್ಯಕವಾದರೂ ಅದೊಂದೇ ಸಾಲದು.

ಬಹಳ ನಿಪುಣರಾದವರು ಕೆಲವೊಮ್ಮೆ ಹೊಸಬರಿಗೆ ಕಲಿಸುವಲ್ಲಿ ಸೋಲುವುದುಂಟು. ಅಮೆರಿಕದ ಶುಶ್ರೂಷಾ ವಿದುಷಿ ಪೆಟ್ರೀಷಿಯಾ ಬೆನ್ನರ್ ಅವರು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶುಶ್ರೂಷಕಿಯ ಬೆಳವಣಿಗೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದ ಹೊಸಬಳು ನಿಯಮವನ್ನು ಹಿಡಿದು ನಡೆಯುತ್ತಾಳೆ. ಐದನೆಯ ಹಂತದ ನಿಪುಣೆಯು ಇಡೀ ಸನ್ನಿವೇಶವನ್ನು ಒಮ್ಮೆಲೇ ಗ್ರಹಿಸುತ್ತಾಳೆ. ರೋಗಿಯ ಮುಖ ನೋಡಿದೊಡನೆ ‘ಇವರ ಸ್ಥಿತಿ ಸರಿಯಿಲ್ಲ’ ಎಂದು ನಿಪುಣೆಗೆ ತೋರುತ್ತದೆ. ಹೇಗೆ ತೋರಿತೆಂದು ಕೇಳಿದರೆ ಅವಳಲ್ಲಿ ಸಿದ್ಧವಾದ ಉತ್ತರವಿರುವುದಿಲ್ಲ. ಬಾಲ್ಯದಿಂದ ಮಾತನಾಡಿದ ಭಾಷೆಯ ವ್ಯಾಕರಣವನ್ನು ಹೇಳಲು ಅದೇ ಭಾಷೆಯವರು ತಡವರಿಸುವಂತೆಯೇ ಇದು. ಆದಕಾರಣ ಮಾರ್ಗದರ್ಶಿಯಾಗುವವಳು ತಾನು ಕಂಡದ್ದನ್ನು ಬಿಡಿಸಿ ಹೇಳುವ ಅಭ್ಯಾಸ ಉಳ್ಳವಳಾಗಿರಬೇಕು: ‘ಉಸಿರಾಟ ವೇಗವಾಗಿದೆ, ತುಟಿ ಬಿಳಿಚಿದೆ, ಮಾತಿಗೆ ಉತ್ತರ ತಡವಾಗುತ್ತಿದೆ, ಆದ್ದರಿಂದ ವೈದ್ಯರನ್ನು ಕರೆಯಬೇಕು’ ಎಂದು.

ಆಯ್ಕೆಗೆ ಮುನ್ನ ಒಂದು ಸುಲಭವಾದ ಪರೀಕ್ಷೆಯನ್ನು ಮಾಡಬಹುದು. ವಾರ್ಡಿನ ಕಿರಿಯ ದಾದಿಯರು ಸಂದೇಹ ಬಂದಾಗ ಯಾರ ಬಳಿಗೆ ಹೋಗುತ್ತಾರೆಂಬುದನ್ನು ಕೆಲವು ದಿನ ಗಮನಿಸುವುದೇ ಆ ಪರೀಕ್ಷೆ. ಹುದ್ದೆಯ ಪಟ್ಟಿಯಲ್ಲಿ ಮೇಲಿರುವವಳ ಬಳಿಗೆ ಯಾರೂ ಹೋಗದೆ, ಮಧ್ಯದಲ್ಲಿರುವ ಒಬ್ಬಳ ಬಳಿಗೆ ಎಲ್ಲರೂ ಹೋಗುತ್ತಿದ್ದರೆ, ಮಾರ್ಗದರ್ಶಿಯು ಆಗಲೇ ಆಯ್ಕೆಯಾಗಿದ್ದಾಳೆ ಎಂದೇ ತಿಳಿಯಬೇಕು. ಸಂಸ್ಥೆಯು ಅದನ್ನು ಕಾಗದದ ಮೇಲೆ ಬರೆಯುವುದಷ್ಟೇ ಉಳಿದಿರುತ್ತದೆ. ಇನ್ನೊಂದು ಅಂಶವೂ ಉಂಟು. ಮಾರ್ಗದರ್ಶಿಯಾಗಲು ಅವಳಿಗೆ ಇಷ್ಟವಿದೆಯೇ ಎಂದು ಕೇಳಲೇಬೇಕು. ಬಲವಂತದಿಂದ ಹೊರಿಸಿದ ಗುರುತ್ವವು ಶಿಷ್ಯರ ಮೇಲೆ ಸಿಡುಕಾಗಿ ಇಳಿಯುತ್ತದೆ.

ಅಂಜಿಕೆಯ ಫಲ

ಸ್ವಭಾವದ ಲಕ್ಷಣಗಳಿಗೆ ಇಷ್ಟು ಪ್ರಾಧಾನ್ಯವೇಕೆ ಎಂಬುದು ಎರಡು ನಿದರ್ಶನಗಳಿಂದ ಸ್ಪಷ್ಟವಾದೀತು.

ಮೊದಲನೆಯದು ಇನ್ಸುಲಿನ್ನಿನ ವಿಷಯ. ನಮ್ಮ ದೇಶದಲ್ಲಿ ಈ ಔಷಧವು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. ಅವುಗಳಿಗೆ ಸಿರಿಂಜುಗಳೂ ಬೇರೆ ಬೇರೆ. ಸಾಮಾನ್ಯವಾಗಿ 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ರೋಗಿಯ ದೇಹಕ್ಕೆ ಹತ್ತು ಯೂನಿಟ್ಟಿಗೆ ಬದಲಾಗಿ ಇಪ್ಪತ್ತೈದು ಯೂನಿಟ್ ಸೇರುತ್ತದೆ. ರಕ್ತದ ಸಕ್ಕರೆಯ ಅಂಶವು ಕುಸಿದು ಪ್ರಾಣಕ್ಕೇ ಅಪಾಯವೊದಗಬಹುದು. ವಿದ್ಯಾರ್ಥಿನಿಯೊಬ್ಬಳು ಔಷಧದ ಬಂಡಿಯ ಮುಂದೆ ನಿಂತು, ಎರಡು ಬಣ್ಣದ ಮುಚ್ಚಳಗಳನ್ನು ನೋಡಿ ಗೊಂದಲಗೊಂಡಳೆಂದು ಭಾವಿಸೋಣ. ‘ಯಾವುದನ್ನು ತೆಗೆದುಕೊಳ್ಳಲಿ?’ ಎಂಬ ಎರಡು ಮಾತಿನ ಪ್ರಶ್ನೆಯಿಂದ ಆ ಅಪಾಯವು ತಪ್ಪುತ್ತದೆ. ಹಿಂದಿನ ದಿನ ಇಂತಹುದೇ ಪ್ರಶ್ನೆಗೆ ‘ಇಷ್ಟೂ ಗೊತ್ತಿಲ್ಲವೇ, ಕಾಲೇಜಿನಲ್ಲಿ ಏನು ಕಲಿತೆ?’ ಎಂಬ ಉತ್ತರವು ರೋಗಿಗಳೆದುರಿಗೇ ಬಂದಿದ್ದರೆ, ಅವಳು ಇಂದು ಕೇಳುವುದಿಲ್ಲ. ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾಳೆ.

ಎರಡನೆಯದು ಸೂಜಿಯ ವಿಷಯ. ಬಳಸಿದ ಸೂಜಿಯು ಬೆರಳಿಗೆ ಚುಚ್ಚುವುದು ಕಲಿಯುವವರಲ್ಲಿ ಸಂಭವನೀಯವಾದ ಅಪಘಾತ. ಕೂಡಲೇ ಸಾಬೂನು ನೀರಿನಿಂದ ತೊಳೆದು, ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ಸೋಂಕಿನ ಶಂಕೆಯಿದ್ದಲ್ಲಿ ತಡೆ ಔಷಧವನ್ನು ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ, ಆರಂಭಿಸಿ 28 ದಿನ ಸೇವಿಸಬೇಕು. ಹೆಪಟೈಟಿಸ್ ಬಿ ಲಸಿಕೆಯ ವಿಚಾರವನ್ನೂ ನೋಡಬೇಕು. ಬೈಗುಳಕ್ಕೆ ಅಂಜಿ ಬೆರಳನ್ನು ಸೆರಗಿನಲ್ಲಿ ಮರೆಸಿಕೊಂಡ ಹುಡುಗಿಗೆ ಆ 72 ಗಂಟೆಗಳು ಮೌನದಲ್ಲಿಯೇ ಕಳೆದುಹೋಗುತ್ತವೆ. ತಂದೆತಾಯಿಯರು ವಿದ್ಯೆಗಾಗಿ ಕಳುಹಿಸಿದ ಮಗಳು, ಕಲಿಸಬೇಕಾದವರ ನಾಲಗೆಗೆ ಹೆದರಿ ತನ್ನ ಪ್ರಾಣವನ್ನೇ ಪಣಕ್ಕಿಟ್ಟಂತಾಯಿತು.

ಈ ಎರಡು ಪ್ರಸಂಗಗಳಲ್ಲಿಯೂ ಕೊರತೆಯಾದದ್ದು ಪುಸ್ತಕದ ಜ್ಞಾನವಲ್ಲ. ‘ತಿಳಿಯದು’, ‘ತಪ್ಪಾಯಿತು’ ಎಂದು ಹೇಳಲು ಬೇಕಾದ ಧೈರ್ಯ. ಆ ಧೈರ್ಯವನ್ನು ವಿದ್ಯಾರ್ಥಿಯು ತನ್ನೊಡನೆ ತರುವುದಿಲ್ಲ, ಮಾರ್ಗದರ್ಶಿಯು ಕೊಡುತ್ತಾಳೆ. ಆದುದರಿಂದ ಉತ್ತಮ ಮಾರ್ಗದರ್ಶಿ ಯಾರೆಂಬ ಪ್ರಶ್ನೆಗೆ ಉತ್ತರವು ಒಂದೇ: ಯಾರ ಮುಂದೆ ಶಿಷ್ಯೆಯು ತನ್ನ ಅಜ್ಞಾನವನ್ನೂ ತಪ್ಪನ್ನೂ ಮರೆಮಾಚಬೇಕಾಗಿಲ್ಲವೋ ಅವಳೇ. ಹೀಗೆಂದ ಮಾತ್ರಕ್ಕೆ ತಪ್ಪನ್ನು ತಿದ್ದಬಾರದೆಂದು ಅರ್ಥವಲ್ಲ. ತಿದ್ದುವುದು ಕಠಿಣವಾಗಿಯೇ ಇರಲಿ. ಆದರೆ ರೋಗಿಯ ಮಂಚದಿಂದ ನಾಲ್ಕು ಹೆಜ್ಜೆ ಆಚೆ, ಏಕಾಂತದಲ್ಲಿ, ಅದೇ ದಿನ ಆಗಲಿ. ಅಪಾಯ ಸನ್ನಿಹಿತವಾದಾಗ ಮಾತ್ರ ಸ್ಥಳದಲ್ಲಿಯೇ ಕೈ ತಡೆಯುವುದು ಧರ್ಮ.

ರೋಗಿಯ ಮಾತು, ಪುಸ್ತಕದ ಮಾತು

ಹಾಸನ ಜಿಲ್ಲೆಯ ಹಳ್ಳಿಗಳಿಂದ ಬರುವ ಅನೇಕ ವಿದ್ಯಾರ್ಥಿನಿಯರು ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರ ಪಠ್ಯಪುಸ್ತಕ ಇಂಗ್ಲಿಷಿನಲ್ಲಿದೆ. ಅವರ ರೋಗಿಯು ಆಡುವುದು ಊರ ಕನ್ನಡ. ಈ ಎರಡು ದಡಗಳ ನಡುವಣ ಸೇತುವೆಯೂ ಮಾರ್ಗದರ್ಶಿಯೇ. ‘ಹೊಟ್ಟೆ ತೊಳಸುತ್ತದೆ’, ‘ಎದೆ ಹಿಡಿದಂತಾಗುತ್ತದೆ’, ‘ಕೈಕಾಲು ಜೋಮು’, ‘ಕಣ್ಣು ಕತ್ತಲೆ ಬರುತ್ತದೆ’ ಎಂಬ ಮಾತುಗಳು ಆ ಹುಡುಗಿಗೆ ಅಜ್ಜಿಯ ಬಾಯಿಂದ ಬಂದ ಪರಿಚಿತ ಮಾತುಗಳು. ಪರಿಚಿತವಾದದ್ದರಿಂದಲೇ ಅವು ರೋಗಲಕ್ಷಣಗಳೆಂದು ಅವಳಿಗೆ ಹೊಳೆಯದೆ ಹೋಗಬಹುದು.

ಹೆರಿಗೆಯಾದ ಮೊದಲ ಎರಡು ಗಂಟೆಗಳಲ್ಲಿ ತಾಯಿಯ ನಾಡಿ, ರಕ್ತದೊತ್ತಡ, ಗರ್ಭಕೋಶದ ಗಟ್ಟಿತನ ಮತ್ತು ರಕ್ತಸ್ರಾವವನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕೆಂದು ಪುಸ್ತಕದಲ್ಲಿದೆ. ಬಾಣಂತಿಯು ‘ಕಣ್ಣು ಕತ್ತಲೆ ಬಂದ ಹಾಗಾಗ್ತದೆ ಕಣವ್ವಾ’ ಎಂದರೆ, ಹೊಸ ವಿದ್ಯಾರ್ಥಿನಿಯು ಆಯಾಸವೆಂದು ಭಾವಿಸಿ ನೀರು ಕುಡಿಸಿಯಾಳು. ಅದು ಒಳಗೆ ರಕ್ತ ಸೋರುತ್ತಿರುವುದರ ಸೂಚನೆಯೂ ಆಗಿರಬಹುದೆಂದು ತಿಳಿದ ಮಾರ್ಗದರ್ಶಿಯು ಕೂಡಲೇ ಹೊದಿಕೆ ಸರಿಸಿ ನೋಡುತ್ತಾಳೆ, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ಪರೀಕ್ಷಿಸುತ್ತಾಳೆ, ವೈದ್ಯರಿಗೆ ಹೇಳಿಕಳುಹಿಸುತ್ತಾಳೆ, ಆಮೇಲೆ ಆ ಮಾತಿನ ಅರ್ಥವನ್ನು ಶಿಷ್ಯೆಗೆ ಬಿಡಿಸಿ ಹೇಳುತ್ತಾಳೆ. ಕನ್ನಡದ ಒಂದು ವಾಕ್ಯವನ್ನು ಸರಿಯಾಗಿ ಅರ್ಥಮಾಡಿಕೊಂಡದ್ದರಿಂದ ಒಂದು ಮನೆಯ ತಾಯಿ ಉಳಿಯುತ್ತಾಳೆ. ಭಾಷೆಯನ್ನು ಕಲಿಸುವ ಕಾಯಕದಲ್ಲಿರುವವರಿಗೆ ಇದಕ್ಕಿಂತ ಹೆಚ್ಚಿನ ಸಾರ್ಥಕ್ಯ ಯಾವುದಿದ್ದೀತು!

ನಿರ್ವಹಣೆಯ ಕ್ರಮ

ಒಳ್ಳೆಯವರನ್ನು ಆರಿಸಿ ಕೈಬಿಟ್ಟರೆ ಆಯ್ಕೆಯು ವ್ಯರ್ಥವಾಗುತ್ತದೆ. ನಿರ್ವಹಣೆಯಲ್ಲಿ ಗಮನಿಸಬೇಕಾದ ಅಂಶಗಳು ಇವು.

ಮೊದಲನೆಯದು ಕಾಲ ಮತ್ತು ಸಂಖ್ಯೆ. ಕಾಲೇಜಿನ ಬೋಧಕರಿಗೆ ಹತ್ತು ವಿದ್ಯಾರ್ಥಿಗಳ ಪ್ರಮಾಣವಿರಬಹುದು. ರೋಗಿಗಳ ಹೊಣೆಯನ್ನೂ ಹೊತ್ತಿರುವ ವಾರ್ಡಿನ ದಾದಿಗೆ ಇಬ್ಬರು ಮೂವರಿಗಿಂತ ಹೆಚ್ಚು ಶಿಷ್ಯರನ್ನು ಒಪ್ಪಿಸುವುದು ನ್ಯಾಯವಲ್ಲ. ಅವಳ ಪಾಳಿಯಲ್ಲಿಯೇ ಶಿಷ್ಯರ ಪಾಳಿಯೂ ಬರುವಂತೆ ಪಟ್ಟಿ ಮಾಡಬೇಕು. ಕಲಿಸುವ ದಿನಗಳಲ್ಲಿ ಅವಳ ಇತರ ಕೆಲಸವನ್ನು ಸ್ವಲ್ಪವಾದರೂ ಇಳಿಸಬೇಕು. ಇಲ್ಲವಾದಲ್ಲಿ ವಿದ್ಯಾರ್ಥಿಗಳು ಕಲಿಯುವವರಾಗದೆ ಬಿಟ್ಟಿ ಕೈಯಾಳುಗಳಾಗುತ್ತಾರೆ.

ಎರಡನೆಯದು ಮಾರ್ಗದರ್ಶಿಯ ಶಿಕ್ಷಣ. ಕೆಲಸವನ್ನು ಮಾಡಿ ತೋರಿಸುವುದು, ಜೊತೆಗೆ ನಿಂತು ಮಾಡಿಸುವುದು, ದೂರ ನಿಂತು ನೋಡುವುದು ಎಂಬ ಮೂರು ಮೆಟ್ಟಿಲುಗಳನ್ನು ಅವಳಿಗೂ ಕಲಿಸಬೇಕು. ರೋಗಿಯ ಮೇಲೆ ಕೈಯಿಡುವ ಮೊದಲು ಬೊಂಬೆಯ ಮೇಲೆ ಅಭ್ಯಾಸವಾಗಬೇಕು ಎಂಬುದು ಇಂದಿನ ಕೌಶಲ ಪ್ರಯೋಗಶಾಲೆಗಳ ತತ್ತ್ವ. ಇದು ಹೊಸತೇನಲ್ಲ. ಸುಶ್ರುತಸಂಹಿತೆಯು ಸೋರೆ, ಸೌತೆ ಮುಂತಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ, ಮನುಷ್ಯಾಕೃತಿಯ ಬೊಂಬೆಯ ಅಂಗಾಂಗಗಳ ಮೇಲೆ ಪಟ್ಟಿ ಕಟ್ಟುವುದನ್ನೂ ಅಭ್ಯಾಸ ಮಾಡಿಸಿದ ಬಳಿಕವೇ ಶಿಷ್ಯನನ್ನು ಕರ್ಮಕ್ಕೆ ಬಿಡಬೇಕೆಂದು ವಿಧಿಸಿದೆ.

ಮೂರನೆಯದು ಪರೀಕ್ಷಕರ ಪ್ರಶ್ನೆ. ಕಲಿಸುವವಳೇ ಅಂಕವನ್ನೂ ಕೊಡುವವಳಾದರೆ ಶಿಷ್ಯೆಯು ತನ್ನ ತಪ್ಪನ್ನು ಅವಳಿಗೆ ಹೇಳಲು ಹಿಂಜರಿಯುವುದು ಸಹಜ. ಅತ್ತ ಮಾರ್ಗದರ್ಶಿಗೂ ಸಂಕಟವಿದೆ. ಸ್ಕಾಟ್ಲೆಂಡಿನಲ್ಲಿ ಕ್ಯಾಥ್ಲೀನ್ ಡಫಿ ಎಂಬವರು 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಸಾಮರ್ಥ್ಯ ಸಾಲದೆಂದು ತಿಳಿದೂ ವಿದ್ಯಾರ್ಥಿಯನ್ನು ಅನುತ್ತೀರ್ಣಗೊಳಿಸಲು ಮಾರ್ಗದರ್ಶಿಗಳು ಹಿಂದೆಗೆಯುತ್ತಾರೆಂಬುದನ್ನು ಬೆಳಕಿಗೆ ತಂದಿತು. 2018ರಲ್ಲಿ ಬ್ರಿಟನ್ನಿನ ಶುಶ್ರೂಷಾ ಮತ್ತು ಸೂಲಗಿತ್ತಿ ಪರಿಷತ್ತು ತನ್ನ ಹೊಸ ನಿಯಮಗಳಲ್ಲಿ ನಿತ್ಯ ಕಲಿಸುವವರನ್ನೂ ಸಾಮರ್ಥ್ಯವನ್ನು ನಿರ್ಣಯಿಸುವವರನ್ನೂ ಬೇರೆ ಬೇರೆಯಾಗಿರಿಸಿತು. ಅಷ್ಟು ಜನರಿಲ್ಲದ ನಮ್ಮ ಆಸ್ಪತ್ರೆಗಳಲ್ಲಿಯೂ ಅಂತಿಮ ನಿರ್ಣಯವನ್ನು ಕಾಲೇಜಿನ ಬೋಧಕರು ವಹಿಸಿಕೊಂಡು, ಮಾರ್ಗದರ್ಶಿಯಿಂದ ತಾನು ಕಂಡದ್ದರ ಬರಹವನ್ನು ಮಾತ್ರ ಪಡೆಯಬಹುದು. ಕರುಣೆಯಿಂದ ತೇರ್ಗಡೆ ಮಾಡಿದ ಅಸಮರ್ಥೆಯ ಭಾರವನ್ನು ಹೊರುವವನು ನಾಳಿನ ರೋಗಿ ಎಂಬುದನ್ನು ಯಾರೂ ಮರೆಯಬಾರದು.

ನಾಲ್ಕನೆಯದು ಮಾರ್ಗದರ್ಶಿಯ ಬಗೆಗೆ ವಿದ್ಯಾರ್ಥಿಗಳ ಅಭಿಪ್ರಾಯ. ಮೂವರೇ ವಿದ್ಯಾರ್ಥಿನಿಯರಿರುವಲ್ಲಿ ಹೆಸರಿಲ್ಲದ ಚೀಟಿಯೂ ಕೈಬರಹದಿಂದ ಗುರುತಾಗುತ್ತದೆ. ಆದ್ದರಿಂದ ಹಲವು ಆಸ್ಪತ್ರೆಗಳ ಸರದಿ ಮುಗಿದ ಮೇಲೆ, ಎಲ್ಲರಿಂದಲೂ ಒಟ್ಟಾಗಿ, ಅಂಕ ಕೊಡುವ ಅಧಿಕಾರವಿಲ್ಲದ ಹಿರಿಯರೊಬ್ಬರು ಕೇಳಿ ತಿಳಿಯುವುದು ಮೇಲು. ದೂರು ಬಂದೊಡನೆ ಶಿಕ್ಷೆಗೆ ಹೊರಡದೆ ಮಾರ್ಗದರ್ಶಿಯ ಮಾತನ್ನೂ ಕೇಳಬೇಕು. ಅವಳ ಸಿಡುಕಿನ ಹಿಂದೆ ಸತತ ರಾತ್ರಿ ಪಾಳಿಯ ಬಳಲಿಕೆ ಇರಬಹುದು. ಕೇಳಿ, ತಿದ್ದಿ, ವಿಶ್ರಾಂತಿ ಕೊಟ್ಟ ಮೇಲೂ ಅವಮಾನಿಸುವ ಸ್ವಭಾವವು ಬದಲಾಗದಿದ್ದರೆ ಆ ಹೊಣೆಯಿಂದ ಬಿಡುಗಡೆ ಮಾಡುವುದೇ ಉಚಿತ.

ಉತ್ತರ ಕರ್ನಾಟಕದ ಅನುಭವ

ಕರ್ನಾಟಕದಲ್ಲಿಯೇ ಇದಕ್ಕೆ ಸಮೀಪದ ಒಂದು ಪ್ರಯೋಗವು ನಡೆದಿದೆ. ‘ಸುಕ್ಷೇಮ’ ಎಂಬ ಯೋಜನೆಯಡಿ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಅದರ ಸಹಯೋಗಿಗಳು ಬಳ್ಳಾರಿ ಹಾಗೂ ಅಂದಿನ ಗುಲ್ಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎರಡು ಪಾಲು ಮಾಡಿ, 54 ಕೇಂದ್ರಗಳಿಗೆ ವಿಶೇಷ ತರಬೇತಿ ಪಡೆದ ಮಾರ್ಗದರ್ಶಿ ದಾದಿಯರನ್ನು ಕಳುಹಿಸಿದರು. ಉಳಿದ 54 ಕೇಂದ್ರಗಳನ್ನು ಹೋಲಿಕೆಗಾಗಿ ಇರಿಸಿಕೊಂಡರು. ಅಲ್ಲಿ ಮಾರ್ಗದರ್ಶನ ಪಡೆದವರು ವಿದ್ಯಾರ್ಥಿಗಳಲ್ಲ, ಹೆರಿಗೆ ಮಾಡಿಸುತ್ತಿದ್ದ ದಾದಿಯರೇ. ಮಾರ್ಗದರ್ಶಿಯು ತಪಾಸಣೆಯ ಅಧಿಕಾರಿಯಂತೆ ಬಂದು ಹೋಗದೆ, ಕೇಂದ್ರದಲ್ಲಿ ಉಳಿದು, ಜೊತೆಯಲ್ಲಿ ಕೆಲಸ ಮಾಡಿ, ಕೊರತೆಗಳನ್ನು ಅವರೇ ಗುರುತಿಸಿಕೊಳ್ಳುವಂತೆ ಮಾಡಿದಳು. 2016ರಲ್ಲಿ ಪ್ರಕಟವಾದ ಫಲಿತಾಂಶವು ಮಾರ್ಗದರ್ಶನ ದೊರೆತ ಕೇಂದ್ರಗಳಲ್ಲಿ ದಾದಿಯರ ತಿಳಿವಳಿಕೆಯೂ ಸಿದ್ಧತೆಯೂ ಉತ್ತಮಗೊಂಡುದನ್ನು ತೋರಿಸಿತು. ವೃತ್ತಿಯಲ್ಲಿ ನುರಿತವರಿಗೂ ಬಳಿಯಲ್ಲಿ ನಿಲ್ಲುವ ಒಬ್ಬರು ಬೇಕಾದರೆ, ಹದಿನೆಂಟರ ಹುಡುಗಿಗೆ ಎಷ್ಟು ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ನಾಲ್ಕು ಊರುಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳನ್ನು ಒಂದೇ ಕಲಿಕೆಯ ನಾಲ್ಕು ಕೊಠಡಿಗಳೆಂದು ಭಾವಿಸಿದರೆ ಈ ಕಾರ್ಯವು ಸುಗಮವಾದೀತು. ಹಾಸನದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾಗಿ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಿದೆ. ಅಂತಹ ದೊಡ್ಡ ಆಸ್ಪತ್ರೆಯಲ್ಲಿ ನಾನಾ ಬಗೆಯ ರೋಗಗಳನ್ನು ನೋಡಬಹುದು. ಆದರೆ ಒಂದೇ ಮಂಚದ ಸುತ್ತ ವೈದ್ಯ ವಿದ್ಯಾರ್ಥಿಗಳೂ ಶುಶ್ರೂಷಾ ವಿದ್ಯಾರ್ಥಿಗಳೂ ನೆರೆದಾಗ ಹಿಂದೆ ನಿಂತವಳಿಗೆ ರೋಗಿಯ ಪಾದ ಮಾತ್ರ ಕಂಡೀತು. ಅಲ್ಲಿನ ಮಾರ್ಗದರ್ಶಿಯ ಕೆಲಸವು ಅವಳಿಗೆ ಒಂದು ಸ್ಥಾನ ಕಲ್ಪಿಸುವುದು, ರೋಗಿಗೆ ಪದೇ ಪದೇ ತೊಂದರೆಯಾಗದಂತೆ ಕಾಯುವುದು.

ಉಳಿದ ಮೂರು ಊರುಗಳು ಹಾಸನದಿಂದ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರ್ ದೂರದಲ್ಲಿವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ನೋಟಗಳ ವೈವಿಧ್ಯ ಕಡಮೆ. ಕೈಗೆ ಸಿಗುವ ಕೆಲಸ ಹೆಚ್ಚು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಾಗಲಿ, ಹೊಗೆಸೊಪ್ಪು ಬೆಳೆಯುವ ಅರಕಲಗೂಡು ಸೀಮೆಯಲ್ಲಾಗಲಿ ವಿದ್ಯಾರ್ಥಿನಿಯು ಒಬ್ಬ ಗರ್ಭಿಣಿಯನ್ನು ನೋಂದಣಿಯಿಂದ ಹಿಡಿದು ಮನೆಗೆ ಕಳುಹಿಸುವವರೆಗೆ ಕಾಣಬಹುದು. ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಚನ್ನರಾಯಪಟ್ಟಣದಲ್ಲಿ ಅಪಘಾತದ ಗಾಯಾಳುವಿಗೆ ಮೊದಲ ಆರೈಕೆ ಹೇಗೆಂಬುದನ್ನು ಕಲಿಯಬಹುದು. ಇಲ್ಲಿನ ಕಷ್ಟವೆಂದರೆ ದಾದಿಯರ ಸಂಖ್ಯೆ. ಇರುವ ಒಬ್ಬ ಮಾರ್ಗದರ್ಶಿಯು ರಜೆಯ ಮೇಲೆ ಹೋದರೆ ವಿದ್ಯಾರ್ಥಿಗಳು ಅನಾಥರಾಗುತ್ತಾರೆ. ಪ್ರತಿ ಆಸ್ಪತ್ರೆಯಲ್ಲಿಯೂ ಎರಡನೆಯವರೊಬ್ಬರ ಹೆಸರು ಮೊದಲೇ ಗೊತ್ತಾಗಿರಬೇಕು. ಕಾಲೇಜಿನ ಬೋಧಕರು ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿಬರಬೇಕು. ರಾತ್ರಿ ಪಾಳಿಯ ಹುಡುಗಿಯರಿಗೆ ಸುರಕ್ಷಿತವಾದ ತಂಗುದಾಣವಿಲ್ಲದೆ ಅವರನ್ನು ಕಳುಹಿಸಬಾರದು.

ಅರಕಲಗೂಡಿನಿಂದ ಹಾಸನಕ್ಕೆ ರೋಗಿಯನ್ನು ಕಳುಹಿಸುವಾಗ ಯಾವ ಔಷಧ ಎಷ್ಟು ಹೊತ್ತಿಗೆ ಕೊಡಲಾಯಿತೆಂದು ಬರೆದ ಚೀಟಿಯೇ ಅವನ ಆಯುಷ್ಯದ ಪತ್ರ. ಆ ಚೀಟಿಯನ್ನು ಬರೆಯುವುದನ್ನು ಅಲ್ಲಿಯೂ, ಓದುವುದನ್ನು ಇಲ್ಲಿಯೂ ಕಲಿತವಳು ಎರಡೂ ದಡಗಳನ್ನು ಬಲ್ಲವಳಾಗುತ್ತಾಳೆ. ನಾಲ್ಕೂ ಊರುಗಳ ಮಾರ್ಗದರ್ಶಿಗಳು ವರ್ಷಕ್ಕೆ ಎರಡು ಬಾರಿ ಒಂದೆಡೆ ಕುಳಿತು ತಮ್ಮ ಅನುಭವಗಳನ್ನು ಹಂಚಿಕೊಂಡರೆ ಈ ಬೆಸುಗೆ ಭದ್ರವಾಗುತ್ತದೆ.

ವಿದ್ಯಾಪೋಷಕರೂ ಉಪಾಧ್ಯಾಯರೂ

ಇಂತಹ ಕಾರ್ಯದಲ್ಲಿ ದಾನಿಗಳ ಪಾಲು ದೊಡ್ಡದು. ಕಟ್ಟಡಕ್ಕೆ ಕೊಟ್ಟ ದಾನವು ಕಲ್ಲಿನ ಮೇಲೆ ಹೆಸರಾಗಿ ಕಾಣುತ್ತದೆ. ಮಾರ್ಗದರ್ಶಿಯ ಗೌರವಧನಕ್ಕೆ, ಅಭ್ಯಾಸದ ಬೊಂಬೆಗೆ, ತಾಲ್ಲೂಕು ಊರಿನ ತಂಗುದಾಣಕ್ಕೆ, ರೋಗಿಗಳಾಡುವ ಕನ್ನಡ ಮಾತುಗಳನ್ನೂ ಅವುಗಳ ವೈದ್ಯಕೀಯ ಅರ್ಥವನ್ನೂ ಹೇಳುವ ಸಣ್ಣ ಕೈಪಿಡಿಗೆ ಕೊಟ್ಟ ದಾನವು ಕಾಣದಿದ್ದರೂ ಫಲ ಕೊಡುತ್ತದೆ. ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಶುಶ್ರೂಷಾ ವೃತ್ತಿಯಲ್ಲಿರುವವರು ಈಗ ಓದುತ್ತಿರುವ ಹೆಣ್ಣುಮಕ್ಕಳ ಮುಂದೆ ಬಂದು ನಿಂತರೆ, ಅದೂ ಒಂದು ದೊಡ್ಡ ದಾನವೇ.

ಉಪಾಧ್ಯಾಯರಿಗೆ ಇಲ್ಲಿ ಒಂದು ಎಚ್ಚರಿಕೆಯೂ ಇದೆ. ವಾರ್ಡಿನಲ್ಲಿ ಪ್ರಶ್ನೆ ಕೇಳಲು ಅಂಜುವ ಹುಡುಗಿಯು ಆ ಅಂಜಿಕೆಯನ್ನು ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಕಲಿಯುವುದಿಲ್ಲ. ಎಂಟನೆಯ ತರಗತಿಯಲ್ಲಿ ಎದ್ದು ನಿಂತು ‘ಗೊತ್ತಿಲ್ಲ ಸಾರ್’ ಎಂದಾಗ ತರಗತಿಯೆಲ್ಲ ನಕ್ಕಿದ್ದರೆ, ಉಪಾಧ್ಯಾಯರೂ ನಕ್ಕಿದ್ದರೆ, ಅವಳು ಆ ಮಾತನ್ನು ಮತ್ತೆ ಆಡದಿರಲು ಅಂದೇ ನಿಶ್ಚಯಿಸಿರುತ್ತಾಳೆ. ಹತ್ತು ವರ್ಷಗಳ ಬಳಿಕ ಎರಡು ಸಿರಿಂಜುಗಳ ಮುಂದೆ ನಿಂತಾಗ ಆ ನಗು ಅವಳಿಗೆ ಮತ್ತೆ ಕೇಳಿಸುತ್ತದೆ. ಆಸ್ಪತ್ರೆಯ ಮಾರ್ಗದರ್ಶಿಯು ಆಗ ಒಳ್ಳೆಯವಳಾಗಿದ್ದರೂ ಆ ನಗುವನ್ನು ಅಳಿಸಲು ಬಹಳ ಶ್ರಮಪಡಬೇಕಾಗುತ್ತದೆ. ಅದರ ಬದಲು ‘ಗೊತ್ತಿಲ್ಲವೆಂದು ಹೇಳಿದೆಯಲ್ಲ, ಒಳ್ಳೆಯದಾಯಿತು, ಬಾ, ನೋಡೋಣ’ ಎಂದು ಕರಿಹಲಗೆಯ ಬಳಿಗೆ ಕರೆದ ಉಪಾಧ್ಯಾಯರು, ಮುಂದೆಂದೋ ಯಾವುದೋ ಊರಿನಲ್ಲಿ ಮಲಗಿರುವ, ತಾವು ಎಂದೂ ಕಾಣದ ರೋಗಿಯ ಶುಶ್ರೂಷೆಯನ್ನು ಆ ದಿನವೇ ಆರಂಭಿಸಿರುತ್ತಾರೆ.